ಮುದ್ದೆ ಬಿಟ್ಟವರು

ಚಿಕ್ಕಬಳ್ಳಾಪುರದ ಒಂದು ಹಾಲ್‌ನಲ್ಲಿ ಮರೆವಿನ ಕಾಯಿಲೆಯ ಅಧ್ಯಯನಕ್ಕೆ ರಕ್ತ ಕೊಡಲು ಕಾಯುತ್ತಿದ್ದ ತನುಜಳ ಪಕ್ಕದ ಕುರ್ಚಿಗೆ ಮಧುಕುಮಾರ್ ಬಂದು ಕೂತಾಗ, ಅವಳಿಗೆ ಎದ್ದು ಹೋಗಿಬಿಡಬೇಕೆನಿಸಿತು. ಎರಡು ತಿಂಗಳ ಹಿಂದೆ, ‘ನನಗೆ ಮದುವೆ ಬೇಡ, ಫೋನ್ ಮಾಡಬೇಡ’ ಎಂದಷ್ಟೇ ಹೇಳಿ ಅವನನ್ನು ದೂರ ಮಾಡಿದ್ದಳು. ಕಾರಣ ಹೇಳಿರಲಿಲ್ಲ.

“ನೀನ್ಯಾಕೆ ಬಂದೆ ಇಲ್ಲಿಗೆ?”

“ಮನೇಲಿ ಯಾರಿಗೂ ಮರೆವಿನ ಕಾಯಿಲೆ ಇಲ್ದಿರೋರೂ ಬೇಕಂತೆ, ಹೋಲಿಸಿ ನೋಡಕ್ಕೆ. ನಾನು ಅವರ ಪೈಕಿ.” ಅವನು ಶರ್ಟಿನ ತೋಳು ಮಡಿಸುತ್ತಿದ್ದ, ಕಣ್ಣು ಮಾತ್ರ ಅವಳ ಮುಖದ ಮೇಲೇ ಇತ್ತು. “ನಿಮ್ಮಮ್ಮ ಎಲ್ಲಾ ಹೇಳಿದ್ರು. ನಿಂಗೆ ಬೇರೆ ಯಾರೋ ಸಿಕ್ಕಿದಾನೆ ಅಂತ ನಾನು ಎಷ್ಟು ಬೈಕೊಂಡಿದೀನಿ ಗೊತ್ತಾ?”

ತನುಜ ತಲೆ ತಗ್ಗಿಸಿದಳು. ಅಪ್ಪ ವೆಂಕಟರವಣಪ್ಪನಿಗೆ ಐವತ್ತು ದಾಟುತ್ತಿದ್ದಂತೆ ಮರೆವು ಶುರುವಾಗಿತ್ತು. ತಾತನಿಗೂ ಹಾಗೇ ಆಗಿತ್ತಂತೆ. ಮುಂದಿನ ಸರದಿ ತನ್ನದೆಂದು ಅವಳು ತೀರ್ಮಾನಿಸಿಬಿಟ್ಟಿದ್ದಳು.

ಅನ್ನ, ರಾಗಿ, ಸಿಹಿ ಬಿಟ್ಟು ಕೊಬ್ಬಿನಂಶವನ್ನೇ ಹೆಚ್ಚು ತಿನ್ನುವ ಕೀಟೋ ಊಟ ಮತ್ತು ವ್ಯಾಯಾಮದಿಂದ, ಮೆದುಳನ್ನು ಪೋಷಿಸುವ ಒಂದು ಪ್ರೋಟೀನ್ ರಕ್ತದಲ್ಲಿ ಹೆಚ್ಚುತ್ತದೆಯೇ ಎಂದು ನೋಡುವ ಅಧ್ಯಯನ ಅದು. ಅದನ್ನು ನಡೆಸುತ್ತಿದ್ದ ಡಾಕ್ಟರಮ್ಮ ‘ನೋಡೋಣ’ ಎಂದಷ್ಟೇ ಹೇಳಿದ್ದರು. ತನುಜಳ ಕಿವಿಗೆ ಅದು ‘ಉಳಿದುಕೊಳ್ತೀಯ’ ಎಂದು ಕೇಳಿಸಿತ್ತು.

ಅಂದಿನಿಂದ ಇಬ್ಬರಿಗೂ ಮುದ್ದೆ, ಅನ್ನ, ಬೆಲ್ಲ ಎಲ್ಲ ಬಂದ್. ಮೊಟ್ಟೆ, ಬೆಣ್ಣೆ, ಕೊಬ್ಬರಿ, ಸೊಪ್ಪು, ಅಷ್ಟೇ. ಬೆಳಿಗ್ಗೆ ಬ್ಯಾಂಕಿನ ಕೆಲಸಕ್ಕೆ ಹೋಗುವ ಮುಂಚೆ ಶಿಡ್ಲಘಟ್ಟದ ಕೆರೆ ಏರಿ ಮೇಲೆ ಓಟ. ಹೇಳಿದ್ದಕ್ಕಿಂತ ಹೆಚ್ಚು ಓಡಿದಳು, ಹೇಳಿದ್ದಕ್ಕಿಂತ ಕಡಿಮೆ ತಿಂದಳು. ಬೇಡವೆಂದರೂ ಮಧು ಪಕ್ಕದಲ್ಲೇ ಏದುಸಿರು ಬಿಡುತ್ತ ಓಡುತ್ತಿದ್ದ. ತನ್ನ ಡ್ರಿಪ್ ಪೈಪಿನ ಅಂಗಡಿಯಲ್ಲಿ ಕೂತು ಅವನು ಬೆಳೆಸಿದ್ದ ಹೊಟ್ಟೆ ಕರಗತೊಡಗಿತು.

“ನಿನ್ನೆ ಕನಸಲ್ಲಿ ಮುದ್ದೆ, ಬಸ್ಸಾರು ಬಂದಿತ್ತು ಕಣೇ.”

“ನಾನು ಬರ್ಲಿಲ್ವಾ?”

“ನೀನೇ ತಾನೇ ಬಡಿಸ್ತಿದ್ದಿದ್ದು.”

ಅವಳ ತುಟಿಯಂಚಿನಲ್ಲಿ ನಗು ಸುಳಿಯಿತು. ಕೂಡಲೇ ಮುಖ ತಿರುಗಿಸಿಕೊಂಡಳು. ರಿಪೋರ್ಟ್ ಚೆನ್ನಾಗಿ ಬಂದರೆ ಮಾತ್ರ ಇವನತ್ತ ನೋಡಬೇಕು. ಅಲ್ಲಿಯವರೆಗೆ ಇವನಲ್ಲಿ ಆಸೆ ಹುಟ್ಟಿಸುವುದು ಪಾಪ.

ಒಂದು ಭಾನುವಾರ ಸ್ಕಂದಗಿರಿ ಹತ್ತುವಾಗ ಕಣ್ಣು ಕತ್ತಲಿಟ್ಟು ತನುಜ ಕುಸಿದಳು. ಮಧು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಉಪ್ಪು ಹಾಕಿದ ನೀರು ಕುಡಿಸಿದ.

“ಸಾಕು ತನು. ಹಿಂಗೆ ಉಪವಾಸ ಬೀಳು ಅಂತ ಡಾಕ್ಟ್ರು ಹೇಳಿಲ್ಲ.”

“ನಿಂಗೆ ಅರ್ಥ ಆಗಲ್ಲ ಬಿಡು,” ಎಂದು ಅವನ ಕೈ ಸರಿಸಿ, ಎದ್ದು ಮತ್ತೆ ಹತ್ತಿದಳು.

ಕೊನೆಯ ಪರೀಕ್ಷೆಯ ಫಲಿತಾಂಶ ಕೇಳಲು ಇಬ್ಬರೂ ಒಟ್ಟಿಗೇ ಹೋದರು. ತನುಜಳ ಪ್ರೋಟೀನ್ ಇದ್ದಲ್ಲೇ ಇತ್ತು. ಮಧುವಿನದು ಚೆನ್ನಾಗಿ ಏರಿತ್ತು.

“ಇದರಿಂದ ಮುಂದೇನಾಗುತ್ತೆ ಅಂತ ಹೇಳೋಕಾಗಲ್ಲಮ್ಮ,” ಎಂದರು ಡಾಕ್ಟರಮ್ಮ. “ನೀವು ಮರೀತೀರ ಅಂತಾನೂ ಅಲ್ಲ, ಇವರು ಮರೆಯಲ್ಲ ಅಂತಾನೂ ಅಲ್ಲ. ವ್ಯಾಯಾಮ ಬಿಡಬೇಡಿ, ಹೊಟ್ಟೆ ತುಂಬಾ ಊಟ ಮಾಡಿ.”

ತನುಜಳಿಗೆ ಕೇಳಿಸಿದ್ದು ‘ಇದ್ದಲ್ಲೇ’ ಎಂಬುದೊಂದೇ.

ಹೊರಗೆ ಬಂದು ಮಧು ಜೇಬೆಲ್ಲ ತಡಕಾಡಿದ. “ನೋಡು, ಬೀಗದ ಕೈ ಬೈಕಲ್ಲೇ ಬಿಟ್ಟಿದೀನಿ. ಪ್ರೋಟೀನ್ ಏರಿರೋನು ನಾನು.”

ಅವಳು ನಗಲಿಲ್ಲ. ಹೊಂಗೆ ಮರದ ಕೆಳಗೆ ಕುಕ್ಕರಿಸಿ ಕೂತು, ಇಷ್ಟು ದಿನ ತಡೆದಿದ್ದ ಅಳುವನ್ನೆಲ್ಲ ಹೊರಗೆ ಹಾಕಿದಳು.

“ಬರೀ ಮರೆಯೋದಾಗಿದ್ರೆ ಇಷ್ಟು ಭಯ ಬೀಳ್ತಿರ್ಲಿಲ್ಲ ಮಧು. ಮೊನ್ನೆ ಅಪ್ಪ ಅಮ್ಮನ್ನ ಯಾರೋ ಕಳ್ಳಿ ಅಂತ ಆಚೆಗೆ ತಳ್ಳಿ ಬಾಗಿಲು ಹಾಕ್ಕೊಂಡ್ರು. ನಾನು ಬ್ಯಾಂಕಿಂದ ಬರೋವರ್ಗೂ ಅಮ್ಮ ಬಿಸಿಲಲ್ಲಿ ಮೆಟ್ಲ ಮೇಲೆ ಕೂತಿದ್ಲು. ಅವಳಂದ್ರೆ ಪ್ರಾಣ ಬಿಡ್ತಿದ್ದ ಮನುಷ್ಯ ಕಣೋ. ನಾಳೆ ನಾನೂ ನಿನ್ನ ಹಂಗೇ ತಳ್ತೀನಿ.”

ಮಧು ಅವಳ ಎದುರು ನೆಲದ ಮೇಲೇ ಕೂತ.

“ತಳ್ಳು. ನಾನೂ ಮೆಟ್ಲ ಮೇಲೆ ಕೂತಿರ್ತೀನಿ. ಬಾಗಿಲು ತೆಗೆದಾಗ ಒಳಗೆ ಬರ್ತೀನಿ.”

“ತೆಗೀದಿದ್ರೆ?”

“ಪಕ್ಕದ ಮನೇಲಿ ಊಟ ಇಸ್ಕೊಂಡು ತಿಂದು, ಮತ್ತೆ ಬಂದು ಕೂತ್ಕೋತೀನಿ.” ಅವನು ಅವಳ ಕೆನ್ನೆ ಒರೆಸಿದ. “ನಂಗೂ ಭಯ ಆಗತ್ತೆ ಕಣೇ. ಆದ್ರೆ ನೀನು ಮಾತಾಡ್ದೆ ಇದ್ಯಲ್ಲ, ಆ ದಿನಗಳು ಮತ್ತೆ ಬೇಡ ನಂಗೆ.”

ಅವಳು ಮೊದಲ ಸಲ ತಾನಾಗಿ ಅವನ ಕೈ ಹಿಡಿದಳು. ಎದೆಯೊಳಗಿನ ಭಯ ಒಂದಿಷ್ಟೂ ಇಳಿದಿರಲಿಲ್ಲ. ಇಳಿಯುವುದೂ ಇಲ್ಲವೆಂದು ಅವಳಿಗೆ ಗೊತ್ತಿತ್ತು.

“ನಿಮ್ಮನೆಯೋರನ್ನ ಬೇಗ ಕರ್ಕೊಂಡು ಬಾ,” ಎಂದಳು. “ಅಪ್ಪ ಇನ್ನೂ ಒಂದೊಂದು ದಿನ ನನ್ನ ಗುರುತು ಹಿಡೀತಾರೆ. ಅಂಥ ದಿನಗಳು ಮುಗಿಯೋ ಮುಂಚೆ ಮದುವೆ ಆಗ್ಬಿಡಣ.”