ಗಾಜಿನ ಮೇಲಿನ ಬೊಟ್ಟು

ಟ್ರಂಕಿಗೆ ಹಾಕಿದ ಬೀಗ ಹಾಕಿದ ಹಾಗೇ ಇತ್ತು. ಒಳಗೆ ಪಾಸ್‌ಪೋರ್ಟ್ ಇರಲಿಲ್ಲ!

ಅದನ್ನು ಸುತ್ತಿಟ್ಟಿದ್ದ ರವಿಕೆ ಕಣ ಇತ್ತು, ಅದೂ ನೀಟಾಗಿ ಮಡಿಸಿಟ್ಟ ಹಾಗೆ. ವೀಣಾಳ ನರ್ಸಿಂಗ್ ಸರ್ಟಿಫಿಕೇಟುಗಳಿದ್ದವು. ತೀರಿಕೊಂಡ ಗಂಡನ ಕೈಗಡಿಯಾರವಿತ್ತು. ಗಡಿಯಾರ ಬಿಟ್ಟು ಪಾಸ್‌ಪೋರ್ಟ್ ಒಯ್ಯುವ ಕಳ್ಳ ಯಾವ ಸೀಮೆಯವನು?

"ಸೋಮವಾರ ಮದ್ರಾಸಲ್ಲಿ ವೀಸಾ ಇಂಟರ್‌ವ್ಯೂ ಕಣಮ್ಮ. ನಾಳೆ ರೈಲು," ಎಂದು ವೀಣಾ ನನ್ನ ಕೈ ಹಿಡಿದುಕೊಂಡಳು.

ನಾನು ಜಯಲಕ್ಷ್ಮಮ್ಮ. ನಮ್ಮೆಜಮಾನರು ಶಿವಲಿಂಗಯ್ಯ, ರಿಟೈರಾದ ಪೊಲೀಸ್ ಇನ್ಸ್‌ಪೆಕ್ಟರು. ಶ್ರೀರಂಗಪಟ್ಟಣದಲ್ಲಿ ನಮ್ಮ ಮನೆ. ಹಿಂದಿನ ವರ್ಷ ಪಾಂಡವಪುರದ ನರ್ಸಿಂಗ್ ಹೋಮಿನಲ್ಲಿ ನನಗೆ ಆಪರೇಷನ್ ಆದಾಗ ಈ ಹುಡುಗಿ ಹೆತ್ತ ಮಗಳ ಹಾಗೆ ನೋಡಿಕೊಂಡಿದ್ದಳು. ಬೆಳಿಗ್ಗೆ ಎಸ್‌ಟಿಡಿ ಬೂತಿನಿಂದ ಅವಳು ಅಳುತ್ತ ಫೋನ್ ಮಾಡಿದ್ದೇ ತಡ, ಯಜಮಾನರನ್ನು ಇಡ್ಲಿ ತಟ್ಟೆಯ ಮುಂದಿನಿಂದ ಎಬ್ಬಿಸಿ ಅವಳ ಗಂಡನ ಮನೆಯಿರುವ ಬೂಕನಕೆರೆಗೆ ಹೊರಡಿಸಿದ್ದೆ. ದಾರಿಯುದ್ದಕ್ಕೂ ಗೊಣಗಿದರು. ಗೊಣಗಲಿ!

ಅದು ತೊಂಬತ್ತೈದರ ಆಗಸ್ಟ್. ಅಮೆರಿಕದ ಆಸ್ಪತ್ರೆಗಳಿಗೆ ನರ್ಸುಗಳು ಸಾಲದೆ, ಹೊರದೇಶದವರನ್ನು ಕರೆಸಿಕೊಳ್ಳಲೆಂದೇ ಅಲ್ಲೊಂದು ವೀಸಾ ಮಾಡಿದ್ದರಂತೆ. ಆ ಕಾನೂನು ಆ ತಿಂಗಳ ಕೊನೆಗೆ ಮುಗಿಯುವುದಿತ್ತು. ಶಿಕಾಗೋ ಹತ್ತಿರದ ಒಂದು ಆಸ್ಪತ್ರೆ ವೀಣಾಳಿಗೆ ಕೆಲಸ ಕೊಟ್ಟು ಕಾಯುತ್ತಿತ್ತು. ತಿಂಗಳು ದಾಟಿದರೆ ಅವರಿಗೆ ಬೇಕೆಂದರೂ ಕರೆಸಿಕೊಳ್ಳುವ ದಾರಿಯಿಲ್ಲ, ಇವಳಿಗೆ ಬೇಕೆಂದರೂ ಹೋಗುವ ದಾರಿಯಿಲ್ಲ.

ಯಾಕೆ ಅಷ್ಟು ದೂರ ಹೋಗುತ್ತೀಯೆ ಎಂದು ಹಿಂದೊಮ್ಮೆ ಕೇಳಿದ್ದೆ. "ಆಸ್ಪತ್ರೇಲಿ ನಾನು ಸಿಸ್ಟರ್ರು. ಊರೊಳಕ್ಕೆ ಬಂದ್ರೆ ಅಪಶಕುನ. ಅಲ್ಲಿ ಯಾರೂ ಅಣೆ ನೋಡಲ್ವಂತೆ ಕಣಮ್ಮ," ಎಂದಿದ್ದಳು. ಇಪ್ಪತ್ತಾರು ವರ್ಷದ ಹುಡುಗಿ ಆಡುವ ಮಾತೇ ಅದು? ಹಾಳು ಊರು!

ಪಡಸಾಲೆಯ ಗೋಡೆಯಲ್ಲಿ ಅವಳ ಮದುವೆ ಫೋಟೋ ಇತ್ತು. ಟ್ರಾಕ್ಟರು ಮಗುಚಿ ಸತ್ತ ಮಾದೇಶ, ಪಕ್ಕದಲ್ಲಿ ವೀಣಾ. ಮೇಲೆ ಗಂಧದ ಹಾರ. ಗಾಜಿನ ಮೇಲೆ ಎರಡು ಹಣೆಗೂ ಕುಂಕುಮ ಇಟ್ಟಿದ್ದರು. ಕಣ್ಣು ತಿರುಗಿಸಿಕೊಂಡೆ.

"ಬೀಗದ ಕೈ ಎಲ್ಲಿರುತ್ತೆ?" ಯಜಮಾನರು ಶುರು ಮಾಡಿದರು.

"ದೇವರ ಗೂಡಿನ ಪಕ್ಕದ ಮೊಳೇಲಿ ಸಾರ್. ಮನೇವ್ರಿಗೆಲ್ಲ ಗೊತ್ತು," ಎಂದಳು ವೀಣಾ.

"ಕೊನೇ ಸಲ ನೋಡಿದ್ದು?"

"ಗುರುವಾರ ರಾತ್ರಿ. ನಿನ್ನೆ ಡ್ಯೂಟಿಗೆ ಓದೆ. ಇವತ್ತು ತೆಗುದ್ರೆ ಇಲ್ಲ."

"ಹೊರಗಿನವರು ಬಂದಿದ್ರಾ?"

"ನನ್ ಜೊತೆ ಕೆಲಸ ಮಾಡೋ ರಂಜಿತ ಬಂದಿದ್ಲು. ಅವಳೂ ಅರ್ಜಿ ಆಕಿದ್ಲು, ಆಗ್ಲಿಲ್ಲ. ಆದ್ರೆ ಬಂದಿದ್ದು ಓದ್ ಭಾನುವಾರ."

"ಹಾಗಾದರೆ ಅವಳಲ್ಲ. ಮನೆಯವರೇ."

ಅಷ್ಟರಲ್ಲಿ ಬಾಗಿಲಿಗೆ ಒರಗಿ ನಿಂತಿದ್ದ ಪಕ್ಕದ ಮನೆ ಚಿಕ್ಕಬೋರಮ್ಮ ಬಾಯಿ ಹಾಕಿದಳು. "ಗಂಡನ್ ಕಳ್ಕಂಡೋಳಿಗೆ ಇಮಾನ ಯಾಕಪ್ಪ ಬೇಕು? ದೇವ್ರೇ ಬ್ಯಾಡ ಅಂದವ್ನೆ."

ನನಗೆ ಮೈಯೆಲ್ಲ ಉರಿಯಿತು. "ದೇವರು ನಿನ್ನ ಹತ್ರ ಬಂದು ಹೇಳಿದನಾ?" ಎಂದೆ. ಯಜಮಾನರು ಕೆಮ್ಮಿದರು. ಸುಮ್ಮನಿರು ಎಂದರ್ಥ.

ನನ್ನ ಅನುಮಾನವೆಲ್ಲ ಮೈದುನ ಸಿದ್ದೇಶನ ಮೇಲೆ. ಅತ್ತಿಗೆ ಹೋಗಕೂಡದೆಂದು ಊರೆಲ್ಲ ಕೂಗಾಡಿದವನು ಅವನೇ.

"ಲೇ ಸಿದ್ದೇಶ, ಹೋದ್ರೆ ಕಾಲು ಮುರೀತೀನಿ ಅಂದಿದ್ದೆಯಂತೆ?" ಯಜಮಾನರು ಅವನನ್ನು ಕರೆದು ಕೇಳಿದರು.

"ಅಂದಿದ್ದು ದಿಟ ಸಾ. ಅಣ್ಣನೂ ಓದ. ಅತ್ತಿಗೇನೂ ಓದ್ರೆ ಮನೇಲಿ ಯಾರವ್ರೆ? ಸಿಟ್ನಲ್ಲಿ ಅಂದ್ಬುಟ್ಟೆ. ಅಂಗಂತ ಕದೀತೀನಾ?"

"ನಿನ್ನೆ ಹಗಲು ಎಲ್ಲಿದ್ದೆ?"

"ಗದ್ದೇಲಿ. ಅಪ್ಪನೂ ಜೊತೇಲಿದ್ದ. ಊಟಕ್ಕೆ ಬಂದಿದ್ದೇ ಕತ್ಲಾದ್ಮೇಲೆ."

"ಊಟದಲ್ಲಿ ಏನಾದರೂ ಮಾತು ಬಂತಾ?"

"ಅತ್ತಿಗೆ ಏಳ್ತಾ ಇದ್ರು. ಆ ಪಾಸ್‌ಪೋರ್ಟ್ನಲ್ಲಿ ಫೋಟೋ ಮೇಲಿನ ಪ್ಲಾಸ್ಟಿಕ್ ಆಳೆ ಒಸಿ ಅರಿದಿದ್ರೂ ಮದ್ರಾಸ್ನೋರು ವಾಪಸ್ ಕಳಿಸ್ತಾರೆ ಅಂತ. ಆಮೇಕೆ… ಅವ್ವ ಮುದ್ದೆ ಬುಟ್ಟು ಎದ್ದೋದ್ಲು. ಒಟ್ಟೆನೋವು ಅಂದ್ಲು."

ಯಜಮಾನರ ಮುಖ ಬದಲಾಯಿತು. ಎದ್ದು ಹೋಗಿ ಮದುವೆ ಫೋಟೋದ ಮುಂದೆ ನಿಂತರು. ಬೆರಳಿನಿಂದ ಗಾಜು ಮುಟ್ಟಿ ನೋಡಿಕೊಂಡರು.

"ಜಯಾ, ಸತ್ತವರ ಫೋಟೋಗೆ ಕುಂಕುಮ ಇಡ್ತಾರೆ. ಅಲ್ವಾ?"

"ಇಡ್ತಾರೆ. ಅದಕ್ಕೇನೀಗ?"

"ಬದುಕಿರೋರ ಫೋಟೋಗೆ?"

ನಾನೂ ನೋಡಿದ್ದೆನಲ್ಲ! ಮಾದೇಶನ ಹಣೆಗಿಟ್ಟಿದ್ದು ಸರಿ. ವೀಣಾಳ ಹಣೆಗೆ ಯಾಕೆ? ಗಂಡ ಸತ್ತ ಮೇಲೆ ಈ ಮನೆಯಲ್ಲಿ ಅವಳ ಹಣೆ ಮುಟ್ಟಿದವರಿಲ್ಲ. ಗಾಜಿನ ಮೇಲಾದರೆ ಸತ್ತವನಿಗೆ ಇಟ್ಟದ್ದೆಂದು ನೋಡಿದವರು ತಿಳಿಯುತ್ತಾರೆ. ಯಾರೂ ಕೇಳುವುದಿಲ್ಲ.

"ಪ್ರೇಮಮ್ಮ," ಯಜಮಾನರು ಮೆತ್ತಗೆ ಕರೆದರು. ವೀಣಾಳ ಅತ್ತೆ ಕಾಫಿ ಲೋಟಗಳ ತಟ್ಟೆ ಹಿಡಿದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದರು.

"ಈ ಬೊಟ್ಟು ಇಡೋದು ನೀವೇ ತಾನೆ?"

"ಊಂ. ಸುಕ್ರವಾರ, ಸುಕ್ರವಾರ."

"ನಿನ್ನೆ ಶ್ರಾವಣದ ಕೊನೇ ಶುಕ್ರವಾರ. ಸೊಸೆ ದೂರ ಹೊರಟಿದ್ದಾಳೆ. ಜೊತೆಗೆ ಈ ಫೋಟೋ ಹೋಗಲ್ಲ. ಹೋಗೋದು ಇನ್ನೊಂದು ಫೋಟೋ. ಅದು ಪಾಸ್‌ಪೋರ್ಟ್ನಲ್ಲಿತ್ತು. ಅಲ್ವಾ ತಾಯಿ?"

ತಟ್ಟೆ ಕೈಜಾರಿತು. ಕಾಫಿಯೆಲ್ಲ ನೆಲದ ಪಾಲು.

"ಕದ್ದವರು ಇವರೇ," ಯಜಮಾನರು ನಮ್ಮ ಕಡೆ ತಿರುಗಿದರು. "ತಡೀಬೇಕು ಅನ್ನೋನು ಒಲೆಗೆ ಹಾಕ್ತಿದ್ದ. ರವಿಕೆ ಕಣ ಮಡಿಸಿಡ್ತಿರಲಿಲ್ಲ. ಇವರಿಗೆ ತಡೆಯೋದು ಬೇಕಿರಲಿಲ್ಲ. ಹರಸೋದು ಬೇಕಿತ್ತು. ರಾತ್ರಿ ಊಟದಲ್ಲಿ ಆ ಮಾತು ಕೇಳಿದ ಮೇಲೆ ಭಯವಾಗಿ ಬಚ್ಚಿಟ್ಟರು."

ಪ್ರೇಮಮ್ಮ ಒಳಗೆ ಹೋದರು. ರಾಗಿ ಗುಡಾಣಕ್ಕೆ ತೋಳು ಪೂರ್ತಿ ಇಳಿಬಿಟ್ಟು ಒಂದು ಪ್ಲಾಸ್ಟಿಕ್ ಕವರು ತೆಗೆದರು. ಸೆರಗಿನಿಂದ ರಾಗಿ ಒರೆಸಿ ಸೊಸೆಯ ಕೈಗಿಟ್ಟರು.

ವೀಣಾ ಪಾಸ್‌ಪೋರ್ಟ್ ಬಿಡಿಸಿದಳು. ಫೋಟೋ ಮೇಲಿನ ತೆಳು ಪ್ಲಾಸ್ಟಿಕ್ಕು ಒಂದು ಮೂಲೆಯಿಂದ ಎದ್ದು ಹರಿದಿತ್ತು. ಹಣೆಯ ಮೇಲೆ ಇಟ್ಟ ಬೊಟ್ಟು ಒರೆಸಲು ಹೋಗಿ ಮುಖದ ತುಂಬ ಕೆಂಪು ಹರಡಿತ್ತು.

"ಮ್ಯಾಲಿಟ್ರೆ ನಿಲ್ನಿಲ್ಲ ಕಣವ್ವ," ಎಂದರು ಪ್ರೇಮಮ್ಮ. "ಜಾರೋಯ್ತು. ಆ ಆಳೆ ಉಗುರಲ್ಲಿ ಒಸಿ ಎಬ್ಬಿಸ್ದೆ. ನಿನ್ ಅಣೆಗೆ ತಾಗ್ಲಿ ಅಂತ. ಬರೀ ಅಣೇಲಿ ಅಷ್ಟ್ ದೂರ ಎಂಗವ್ವ ಕಳಿಸ್ಲಿ? ಅದು ಅರಿದ್ರೆ ಕೆಡ್ತದೆ ಅಂತ ನಂಗೇನ್ ಗೊತ್ತು? ನನ್ ಕೈಗೆ ಕೊಳ್ಳಿ ಇಕ್ಕ!"

ಸಿದ್ದೇಶ ಯಜಮಾನರ ತೋಳು ಹಿಡಿದುಕೊಂಡ. "ಸಾ, ಒಸಾದು ಮಾಡ್ಸಕಾಗಲ್ವಾ? ಈಗ್ಲೇ ಬೆಂಗಳೂರ್ಗೆ ಓಗ್ತೀನಿ ಸಾ. ಎಂಗಾರ ಮಾಡಿ!" ಕಾಲು ಮುರಿಯುತ್ತೇನೆ ಎಂದವನು ಇವನೇನೆ?

"ಮಾಡಿಸಬಹುದಪ್ಪ. ಆದರೆ ತಿಂಗಳುಗಟ್ಟಲೆ ಹಿಡಿಯುತ್ತೆ. ಕಾನೂನು ಇರೋದೇ ಇನ್ನೈದು ದಿನ."

ಮೂವತ್ತು ವರ್ಷ ನೌಕರಿಯಲ್ಲಿ ಕಳ್ಳರನ್ನು ಹಿಡಿದಾಗ ಮೀಸೆ ತಿರುವಿದ ಮನುಷ್ಯ ಅವತ್ತು ತಲೆ ತಗ್ಗಿಸಿ ಕೂತರು. ನನಗೆ ಅಳು ತಡೆಯಲಾಗಲಿಲ್ಲ.

ವೀಣಾ ಅಳಲಿಲ್ಲ. ಪಾಸ್‌ಪೋರ್ಟ್ ಮುಚ್ಚಿ ಟ್ರಂಕಿನ ಮೇಲಿಟ್ಟಳು. ದೇವರ ಗೂಡಿನಿಂದ ಕುಂಕುಮದ ಭರಣಿ ತಂದು ಅತ್ತೆಯ ಕೈಗೆ ಕೊಟ್ಟಳು. ಎದುರಿಗೆ ಕೂತು ಮುಖವೆತ್ತಿದಳು.

"ಇಲ್ಲಿ ಇಡವ್ವ."

ಪ್ರೇಮಮ್ಮ ಭರಣಿಯ ಮುಚ್ಚಳ ತೆಗೆದರು.

"ನಿನ್ನೆ ಇಲ್ಲೇ ಇಟ್ಟಿದ್ರೆ ನಾನು ಓಗ್ತಿದ್ದೆ. ಈಗ್ಲಾದ್ರೂ ಇಡು."

ಪ್ರೇಮಮ್ಮ ಭರಣಿಯಲ್ಲಿ ಬೆರಳದ್ದಿದರು. ಕೈ ಅರ್ಧ ಎದ್ದಿತು. ಆಮೇಲೆ ಅವರ ಕಣ್ಣು ಬಾಗಿಲ ಕಡೆ ಹೋಯಿತು. ಚಿಕ್ಕಬೋರಮ್ಮ ಇನ್ನೂ ಅಲ್ಲೇ ನಿಂತಿದ್ದಳು. ಅವಳ ಹಿಂದೆ ಬೀದಿಯ ಇನ್ನೂ ನಾಲ್ಕು ಹೆಂಗಸರು ಸೇರಿದ್ದರು.

ಪ್ರೇಮಮ್ಮ ಕೈ ಇಳಿಸಿ ಬೆರಳನ್ನು ಸೆರಗಿಗೆ ಒರೆಸಿಕೊಂಡರು.