ಹೊನ್ನೆ ತೊಲೆಯ ಕೆಳಗೆ

"ಮುಟ್ಬೇಡಿ! ಆ ಗೋಡೆಗೆ ಸುತ್ತಿಗೆ ತಾಗಿಸ್ಬೇಡಿ!"

ವಚನಾ ಕಿರುಚಿದ ರಭಸಕ್ಕೆ ಅವನು ಬೆಚ್ಚಿ ತಿರುಗಿದ.

"ಒಡೀತಿಲ್ಲ ಮೇಡಂ... ತಟ್ಟಿ ಸದ್ದು ಕೇಳ್ತಿದ್ದೆ. ನಾನು ಗಿರಿರಾಜ್, ಎಂಜಿನಿಯರ್. ನೀವೇ ಫೋನ್ ಮಾಡಿ ಕರೆಸಿದ್ದು."

ಅವಳ ಮುಖ ಕೆಂಪಾಯಿತು. ಆದರೂ ಭಯ ಹೋಗಲಿಲ್ಲ.

ರಾಜಾಜಿನಗರದ ಆ ಮನೆ ಅವಳ ತಾತ ಕಟ್ಟಿಸಿದ್ದು. ಕೆಂಪು ನೆಲ, ಹೊನ್ನೆ ಮರದ ತೊಲೆಗಳು, ಅವುಗಳ ಮೇಲೆ ಕಲ್ಲು ಚಪ್ಪಡಿ. ಅಪ್ಪ ಹೋದ ಮೇಲೆ ಅಲ್ಲಿ ಉಳಿದವರು ಅವಳು ಮತ್ತು ಅಮ್ಮ ಶಿವಕ್ಕ. ನಡುಮನೆಯ ಚಾವಣಿ ಬಿರುಕು ಬಿಟ್ಟಾಗಿನಿಂದ ಬಂದು ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: ಕೆಡವಿ, ಹೊಸದು ಕಟ್ಟಿ.

ಗಿರಿರಾಜ್ ಮಾತ್ರ ಹಾಗೆನ್ನಲಿಲ್ಲ.

"ಉಳಿಸ್ಬಹುದು. ಹುಳ ತಿಂದಿರೋ ತೊಲೆ ಅಷ್ಟೇ ಬದಲಾಯಿಸೋಣ. ಈ ನೆಲ, ಈ ಬಾಗಿಲು ಎಲ್ಲಾ ಹೀಗೇ ಇರ್ಲಿ."

ಅಂದಿನಿಂದ ಗೇಟಿನ ಸದ್ದಿಗೆ ಅವಳ ಎದೆ ಬೇರೆಯೇ ರೀತಿ ಬಡಿದುಕೊಳ್ಳತೊಡಗಿತು. ಅವನು ಬಾಗಿಲಿನ ಹಳೇ ಬಣ್ಣ ಕೆರೆಯುತ್ತ ಕೂತರೆ ಕಾಫಿ ತಣ್ಣಗಾಗುವವರೆಗೂ ನೋಡುತ್ತ ನಿಲ್ಲುತ್ತಿದ್ದಳು.

ಆದರೆ ಒಂದು ಸಂಜೆ, ಹಿತ್ತಲಲ್ಲಿ ಅವನು ಫೋನಿನಲ್ಲಿ ಆಡಿದ ಮಾತು ಕಿವಿಗೆ ಬಿತ್ತು.

"ನಾಳೆ ಬೆಳಿಗ್ಗೇನೇ ಒಡೆದ್ಹಾಕಿಬಿಡೋಣ. ಅವ್ರಿಗೆ ಮಾತ್ರ ಹೇಳ್ಬೇಡಿ..."

ಅವಳು ನೇರ ಹಿತ್ತಲಿಗೆ ನುಗ್ಗಿದಳು. ಇವನೂ ಕೆಡವಿ ಅಂದವರ ಹಾಗೇನಾ?

"ನಿಮ್ಮ ಫೋನ್ ಮಾತು ಕೇಳಿಸ್ತು. ನಾಳೆಯಿಂದ ಬರ್ಬೇಡಿ!"

"ವಚನಾ ಅವ್ರೇ, ಒಂದ್ನಿಮಿಷ ಕೇಳಿ..."

ಅವಳು ಬಾಗಿಲು ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ಶಿವಕ್ಕ ನಡುಮನೆಯಲ್ಲಿ ಹೂ ಕಟ್ಟುತ್ತ ಕೂತಿದ್ದರು. ಮೇಲಿನಿಂದ ಸಣ್ಣಗೆ ಮಣ್ಣು ಉದುರಿತು. ಆಮೇಲೆ... ಲಟ್! ತೊಲೆ ಒಂದು ಕಡೆ ವಾಲಿತು.

"ಅಮ್ಮಾ! ಏಳಮ್ಮಾ!"

ಮಂಡಿನೋವಿನ ಅಮ್ಮನಿಗೆ ಏಳಲಾಗಲಿಲ್ಲ. ವಚನಾ ರಟ್ಟೆ ಹಿಡಿದು ಎಳೆದಳು; ಒಬ್ಬಳಿಂದ ಎತ್ತಲಾಗಲಿಲ್ಲ.

ತೆರೆದಿದ್ದ ಬಾಗಿಲಿನಿಂದ ಗಿರಿರಾಜ್ ಓಡಿಬಂದ. ಶಿವಕ್ಕನನ್ನು ಎತ್ತಿ, ವಚನಾಳೊಡನೆ ಹೊರಗೆ ತಂದು ಕೂರಿಸಿದವನೇ, ತೊಲೆಗೆ ಆಸರೆ ಕೊಡಲು ಟೆಂಪೋದಲ್ಲಿ ತಂದಿದ್ದ ಕಬ್ಬಿಣದ ಕಂಬ ಹಿಡಿದು ಮತ್ತೆ ಒಳಗೆ ನಡೆದ.

"ಹೋಗ್ಬೇಡಿ! ಮನೆ ಬಿದ್ರೆ ಬೀಳ್ಲಿ, ನೀವು ಹೋಗ್ಬೇಡಿ!"

ಒಳಗೆ ಕಬ್ಬಿಣದ ಸದ್ದು... ಮತ್ತೆ ಮೌನ.

ಕೊನೆಗೂ ಮೈತುಂಬ ಧೂಳು ಮೆತ್ತಿಕೊಂಡು ಅವನು ಹೊರಬಂದ.

"ತೊಲೆ ನಿಂತಿದೆ... ನಿನ್ನೆ ಫೋನಲ್ಲಿ ಒಡೀಬೇಕಂದಿದ್ದು ತಾರಸಿ ಮೇಲಿನ ಸಿಮೆಂಟ್ ನೀರಿನ ತೊಟ್ಟಿನ. ಹುಳ ತಿಂದ ತೊಲೆ ಅದರ ಭಾರ ತಡೀದೆ ಹೀಗಾಗಿರೋದು. ಬರ್ಬೇಡಿ ಅಂದ್ರೂ ಅದಕ್ಕೇ ಬಂದೆ. ಹೇಳಿದ್ರೆ ಹೆದರ್ಕೊಳ್ತೀರ ಅಂತ ಸುಮ್ನಿದ್ದೆ. ತಪ್ಪಾಯ್ತು."

ಅವಳು ಅಳುತ್ತಲೇ ಅವನ ಹಣೆಯ ಧೂಳು ಒರೆಸಿದಳು.

"ನಾನೂ ಕೇಳಿಸ್ಕೊಳ್ಳದೆ ಬಾಗಿಲು ಹಾಕ್ಬಿಟ್ಟೆ... ಇನ್ನೂ ಏನಾದ್ರೂ ಮುಚ್ಚಿಟ್ಟಿದೀರಾ?"

"ಒಂದಿದೆ..." ಅವನು ಅಂದ. "ಈ ಕೆಲಸ ಮುಗಿಯುತ್ತಲ್ಲ ಅಂತ ಭಯ. ಆಮೇಲೆ ಇಲ್ಲಿಗೆ ಬರೋಕೆ ನಂಗೆ ನೆಪಾನೇ ಇರಲ್ಲ."

"ನೆಪ ಯಾಕೆ? ನಾನು ಬಾ ಅಂದ್ರೆ ಸಾಲ್ದಾ?"

"ಈಗ... 'ಬಾ' ಅಂದ್ರಾ?"

"ಹೂಂ," ಅಂದಳು, ಅವನ ಕೈ ಹಿಡಿದು. "ಬಾ ಅಂದೆ."