ಕತ್ತಿಯಿಲ್ಲದ ಚಿಕಿತ್ಸೆ

ಹತ್ತೊಂಬತ್ತು ವರ್ಷದಿಂದ ನಾಗಭೂಷಣನಿಗೆ ಚಾಮರಾಜಪೇಟೆಯಲ್ಲಿ ಸ್ವಂತ ಹೆಸರೇ ಇರಲಿಲ್ಲ. ಹಾಲಿನ ಬೂತಿನವನಿಂದ ಹಿಡಿದು ಮಠದ ಸ್ವಾಮಿಗಳವರೆಗೆ ಎಲ್ಲರಿಗೂ ಆತ ‘ಹೆಡ್‌ಮಿಸ್ ಯಜಮಾನರು’. ಹೆಡ್‌ಮಿಸ್ ಎಂದರೆ ಅಲ್ಲಿನ ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿ, ಅವನ ಹೆಂಡತಿ ಶಿವರಂಜಿನಿ. ಮನೆಯಲ್ಲೂ ಅವಳದೇ ಗಂಟೆ. ಎದ್ದರೆ ಯಾಕೆದ್ದಿರಿ, ಕೂತರೆ ಯಾಕೆ ಕೂತಿರಿ. ಬಿಟ್ಟುಹೋಗೋಣವೆಂದರೆ ಊರೆಲ್ಲ ಅವಳ ಪಕ್ಷ.

2008ರಲ್ಲಿ ಅವಳ ಗರ್ಭಕೋಶದಲ್ಲಿ ಗಡ್ಡೆ ಕಾಣಿಸಿತು. “ಹೊಟ್ಟೆ ಕೊಯ್ಸ್ಕೊಳ್ಳಲ್ಲ ಕಣ್ರೀ, ಪರೀಕ್ಷೆ ಹತ್ರ ಬಂತು,” ಎಂದಳು. ಶಬ್ದದ ಅಲೆಗಳಿಂದ ಗಡ್ಡೆ ಸುಡುವ ಹೊಸ ಚಿಕಿತ್ಸೆಯನ್ನು ಅವಳೇ ಆರಿಸಿಕೊಂಡಳು. ಅದಕ್ಕೆ ಮೊದಲು ಎಂಆರ್‌ಐ ಆಗಬೇಕಿತ್ತು.

ಸ್ಕ್ಯಾನ್ ಆದ ಮೇಲೆ ಫಿಲ್ಮ್ ತರಲು ಬಸವನಗುಡಿಯ ಸ್ಕ್ಯಾನ್ ಸೆಂಟರಿಗೆ ಅವನೊಬ್ಬನೇ ಹೋದ. ಅಲ್ಲಿನ ಡಾಕ್ಟರ್ ಆರಾಧನಾ ಬಾಗಿಲು ಮುಚ್ಚಿ ಕೂರಿಸಿದರು. “ಇದು ಮಾಮೂಲಿ ಗಡ್ಡೆ ಥರ ಇಲ್ಲ ಸಾರ್. ಕ್ಯಾನ್ಸರ್ ಅಂತ ಅನುಮಾನ. ಸುಡಿಸಬೇಡಿ, ಒಳಗೊಳಗೇ ಹರಡಿಬಿಡುತ್ತೆ. ಬೇಗ ಆಪರೇಷನ್ ಮಾಡ್ಸಿದ್ರೆ ಉಳ್ಕೋಬಹುದು.”

ತಲೆಯಾಡಿಸಿ ಹೊರಬಿದ್ದ. ಗಾಂಧಿ ಬಜಾರ್ ದಾಟುವಷ್ಟರಲ್ಲಿ ಉಪಾಯ ಹೊಳೆದಿತ್ತು. ವಿಷ ಬೇಡ, ಆಯುಧ ಬೇಡ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಉಳಿದದ್ದನ್ನು ರೋಗವೇ ಮುಗಿಸುತ್ತದೆ.

ಶಂಕರಪುರದಲ್ಲಿದ್ದ ಅವನ ತಂಗಿ ಶೈಲಜೆಗೂ ಹಿಂದಿನ ವರ್ಷ ಗಡ್ಡೆಯಿತ್ತು, ಅಪಾಯವಿಲ್ಲದ್ದು. ಅವಳು ಒಬ್ಬಟ್ಟು ಬಡಿಸಿ ತುಪ್ಪ ತರಲು ಒಳಹೋದಾಗ, ಬೀರುವಿನ ಮೇಲಿದ್ದ ಅವಳ ಫಿಲ್ಮು ಇವನ ಚೀಲ ಸೇರಿತು. ಹೆಸರನ್ನು ಬ್ಲೇಡಿನಿಂದ ನಯವಾಗಿ ಕೆರೆದ. ಉಪ್ಪಾರಪೇಟೆಯ ಡಿಟಿಪಿ ಅಂಗಡಿಯಲ್ಲಿ ಹೆಂಡತಿಯ ಹೆಸರಿಗೆ ಹೊಸ ರಿಪೋರ್ಟು ತಯಾರಾಯಿತು. ಅವಳ ಅಸಲಿ ಫಿಲ್ಮು, ರಿಪೋರ್ಟು ಬಚ್ಚಲ ಒಲೆಗೆ ಹೋದವು.

“ಸದ್ಯ, ಭಯ ಇಲ್ವಂತಾ?” ಶಿವರಂಜಿನಿಯ ಕಣ್ಣು ತುಂಬಿತು. “ನೀವಿಲ್ದಿದ್ರೆ ಇಷ್ಟೆಲ್ಲ ಯಾರು ಓಡಾಡ್ತಿದ್ರು, ಹೇಳಿ.”

ಅವನು ರಿಪೋರ್ಟನ್ನು ಮಡಚಿ ಚೀಲಕ್ಕೆ ಹಾಕಿದ. ಆ ಮಾತು ಹತ್ತೊಂಬತ್ತು ವರ್ಷ ತಡವಾಗಿ ಬಂದಿತ್ತು.

ಚಿಕಿತ್ಸೆಯ ದಿನ ಬೆಳಿಗ್ಗೆ ಅವಳನ್ನು ಒಳಗೆ ಕರೆದೊಯ್ದರು. ಅವನು ಹೊರಗೆ ಕೂತು ನೆಮ್ಮದಿಯಿಂದ ಕಾಫಿ ಕುಡಿಯುತ್ತಿದ್ದ. ಲೋಟ ಖಾಲಿಯಾಗುವ ಮೊದಲೇ ಅಲ್ಲಿನ ಡಾಕ್ಟರ್ ಸುಪ್ರಜಾ ಬಂದು ಎದುರಿಗೆ ನಿಂತರು. “ಸಾರ್, ಈ ಚಿಕಿತ್ಸೆ ನಡೆಯೋದೇ ಎಂಆರ್‌ಐ ಯಂತ್ರದೊಳಗೆ. ಸುಡೋಕ್ ಮುಂಚೆ ನಾವೇ ಹೊಸ ಚಿತ್ರ ತೆಗೀತೀವಿ. ಈಗ ಕಂಡಿರೋ ಗಡ್ಡೆ ನೀವು ತಂದ ಫಿಲ್ಮಲ್ಲಿ ಇಲ್ಲ. ರಿಪೋರ್ಟಲ್ಲಿ ಹೆಸರಿದ್ದ ಡಾಕ್ಟರ್ ಆರಾಧನಾಗೆ ಫೋನ್ ಮಾಡ್ದೆ. ಕ್ಯಾನ್ಸರ್ ಅನುಮಾನ, ಸುಡಿಸಬೇಡಿ ಅಂತ ನಿಮ್ಮನ್ನೇ ಕೂರಿಸ್ಕೊಂಡು ಹೇಳಿದ್ದೆ ಅಂದ್ರು. ಫೋನ್ ಸ್ಪೀಕರಲ್ಲಿತ್ತು, ನಿಮ್ಮ ಮನೆಯವ್ರೂ ಪಕ್ಕದಲ್ಲೇ ಇದ್ರು, ಎಲ್ಲ ಕೇಳಿಸ್ಕೊಂಡ್ರು.”